ಹೊಲದ ಪಂಕ್ತಿಯಲ್ಲಿ ಆಡಿದ ಮಾತು: ಬೀಗರ ಊಟದ ಒಂದು ಪ್ರಕರಣ

ಊಟಕ್ಕೆ ಕೂತವರು ಬಡಿಸಿದವರ ಎದುರಿಗೇ ಅಡುಗೆಯನ್ನು ಹೀಗಳೆದರೆ, ಅಲ್ಲಿ ಬಾಯಿ ಬಿಡಬೇಕಾದವರು ಯಾರು? ಬಡಿಸುವವರಂತೂ ಬಿಡಲಾರರು. ಒಂದು ಮಾತು ಎದುರಾಡಿದರೂ ‘ಉಣ್ಣಾಕ ಕರದು ಜಗಳಾ ತಗದ್ರು’ ಎಂಬ ಹೆಸರು ಆ ಮನೆಗೆ ಅಂಟುತ್ತದೆ. ನಮ್ಮ ಅಕ್ಕನ ಮನೆಯಲ್ಲಿ ನಡೆದದ್ದನ್ನು ಅಕ್ಕ ಮತ್ತು ಅವಳ ಮಗಳ ಒಪ್ಪಿಗೆ ಪಡೆದು, ಹೆಸರು ಹೇಳದೆ, ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ. ಇಂಥದ್ದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ‘ಇರ್ಲಿ ಬಿಡ, ಗಂಡಿನ ಕಡೆಯವರು’ ಎಂದು ಅಲ್ಲಿಗೇ ಮುಚ್ಚಿಯೂ ಹೋಗುತ್ತದೆ. ಹಾಗೆ ಮುಚ್ಚಿಹೋಗುವುದು ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸಿದೆ.

ಎರಡು ಮನೆ

ಅಕ್ಕನದು ವಿಜಯಪುರ ಜಿಲ್ಲೆಯ ಡೋಣಿ ನದಿ ಸಾಲಿನ ಹಳ್ಳಿ. ಕಪ್ಪು ಎರೆಮಣ್ಣು, ಹಿಂಗಾರಿ ಬಿಳಿಜೋಳ, ಕಡಲೆ. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಬೀಗರದು ಮದ್ದೂರು ತಾಲ್ಲೂಕು. ರಾಗಿ, ಕಬ್ಬು, ತೆಂಗು ಇರುವ ಒಕ್ಕಲು ಮನೆ. ಅವರ ಕಡೆ ಬಾಡೂಟವಿಲ್ಲದೆ ಬೀಗತನದ ಊಟ ಪೂರ್ತಿಯಾಯಿತು ಅನ್ನಿಸುವುದಿಲ್ಲ. ಹುಡುಗ ಹುಡುಗಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಪರಸ್ಪರ ಮೆಚ್ಚಿದರು. ಎರಡೂ ಕಡೆ ಸ್ವಲ್ಪ ದಿನ ಮುಖ ಗಂಟಿಕ್ಕಿದ ಮೇಲೆ ಒಪ್ಪಿ ಮದುವೆ ಮಾಡಿದರು.

ಮದುವೆಯ ಮಾತುಕತೆಗೆ ಮೊದಲ ಸಲ ಮದ್ದೂರಿಗೆ ಹೋದಾಗ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಬೀಗರು ಅಕ್ಕನ ಗಂಡನಿಗೆ, ನಾವೆಲ್ಲ ಮಾಮಾ ಎನ್ನುವವರಿಗೆ, ಸೊಪ್ಪಿನ ಸಾರು ಮಾಡಿ ರಾಗಿಮುದ್ದೆ ಬಡಿಸಿದ್ದರು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಮಾಮಾಗೆ ಗೊತ್ತಿರಲಿಲ್ಲ. ಅಗಿದರು, ಹಲ್ಲಿಗೆ ಹತ್ತಿತು, ಕಣ್ಣಲ್ಲಿ ನೀರು ಬಂತು. ಬೀಗರೇ ಪಕ್ಕಕ್ಕೆ ಬಂದು ಕೂತು, ಇಷ್ಟಿಷ್ಟೇ ಮುರಿದು ನುಂಗಬೇಕು ಎಂದು ತೋರಿಸಿಕೊಟ್ಟರು. ಮಾಮಾ ಮುದ್ದೆ ಮುಗಿಸಿ, ‘ಚೊಲೋ ಆಗ್ಯಾದ್ರಿ, ನಮಗ ರೂಢಿ ಇಲ್ಲ ಅಷ್ಟ’ ಎಂದರು. ಅಂದು ಎರಡೂ ಕಡೆಯವರು ನಡೆದುಕೊಂಡ ರೀತಿ ಅದು. ಮುಂದೆ ಆದದ್ದು ಅಕ್ಕನಿಗೆ ಅಷ್ಟು ನೋಯಲು ಇದೂ ಒಂದು ಕಾರಣ.

ಚರಗದ ದಿನ

ಮದುವೆಯಾದ ಮೊದಲ ಎಳ್ಳ ಅಮಾವಾಸ್ಯೆ 2024ರ ಡಿಸೆಂಬರ್ 30ಕ್ಕೆ ಬಂತು. ನಮ್ಮ ಕಡೆ ಅಂದು ಎತ್ತಿನ ಗಾಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಮಾಡಿಕೊಂಡು ಹೋದ ಅಡುಗೆಯನ್ನು ಬೆಳೆಯ ನಡುವೆ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದೇ ಚರಗ. ಮೊದಲ ತುತ್ತು ಭೂಮಿತಾಯಿಗೆ, ಆಮೇಲೆ ಬಂದವರಿಗೆ, ಕಡೆಗೆ ಮನೆಯವರಿಗೆ. ಆ ದಿನ ಹೊಲದ ಹಾದಿಯಲ್ಲಿ ಹೋಗುವ ಅಪರಿಚಿತರನ್ನೂ ಕರೆದು ಉಣಿಸುತ್ತಾರೆ. ಅಂಥ ಹಬ್ಬಕ್ಕೆ ಹೊಸ ಬೀಗರನ್ನು ಕರೆಯದೆ ಇರುವುದುಂಟೆ? ಬೀಗ, ಬೀಗಿತಿ, ಅವರ ಹಿರಿಯ ಮಗಳು, ಅವಳ ಗಂಡ ಅಂದರೆ ಬೀಗರ ದೊಡ್ಡಳಿಯ, ಅವರ ಇಬ್ಬರು ಮಕ್ಕಳು, ನಮ್ಮ ಹುಡುಗಿ ಮತ್ತು ಅವಳ ಗಂಡ ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿಳಿದರು. ಬೀಗಿತಿ ಒಂದು ದೊಡ್ಡ ಚೀಲದ ತುಂಬ ಮದ್ದೂರು ವಡೆ ತಂದಿದ್ದರು. ನಮ್ಮ ಹುಡುಗರು ಅದನ್ನು ಬೆಳಗಿನ ಚಹಾದೊಂದಿಗೇ ಖಾಲಿ ಮಾಡಿದರು.

ಅಕ್ಕನ ತಯಾರಿ ಎರಡು ದಿನದ್ದು. ಓಣಿಯ ಮೂರು ಮನೆಯ ಹೆಣ್ಣುಮಕ್ಕಳು ಸೇರಿ ಇನ್ನೂರು ಕಡಕ್ ರೊಟ್ಟಿ ಬಡಿದರು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ. ಕುದಿನೀರು ಹಾಕಿ ನಾದಿದರಷ್ಟೇ ಅದು ಕೂಡಿಕೊಳ್ಳುತ್ತದೆ. ಲಟ್ಟಿಸಲು ಹೋದರೆ ಹರಿಯುತ್ತದೆ, ಅಂಗೈಯಿಂದಲೇ ಬಡಿಯಬೇಕು. ಹಂಚಿನ ಮೇಲೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಬೇಕು. ತಡವಾದರೆ ಬಿರಿಯುತ್ತದೆ. ಕಡಕ್ ಮಾಡುವ ರೊಟ್ಟಿಯನ್ನು ಬೆಂದ ಮೇಲೆ ಒಲೆಯ ಬದಿಗೆ ಒರಗಿಸಿಟ್ಟು ತೇವ ಪೂರ್ತಿ ಆರಿಸಬೇಕು. ಹಾಗೆ ಆರಿದ ರೊಟ್ಟಿ ವಾರಗಟ್ಟಲೆ ಇದ್ದರೂ ಕೆಡುವುದಿಲ್ಲ. ಇದರ ಜೊತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳಿನ ಹೋಳಿಗೆ, ಬದನೆಕಾಯಿ ಎಣಗಾಯಿ, ಪುಂಡಿಪಲ್ಯ, ಮಡಿಕೆಕಾಳಿನ ಪಲ್ಯ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ (ನಮ್ಮ ಕಡೆ ಹಿಂಡಿ ಅಂದರೆ ಚಟ್ನಿಪುಡಿ), ಕೆನೆಮೊಸರು. ಬೀಗರಿಗೆ ನಮ್ಮ ಖಾರ ತಡೆಯದು ಎಂದು ಎಣಗಾಯಿಗೆ ಬರೀ ಬ್ಯಾಡಗಿ ಪುಡಿ ಹಾಕಿದ್ದಳು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಮೆಣಸಿನಕಾಯಿ ಕಣ್ಣಿಗೆ ಕಡುಗೆಂಪು, ನಾಲಿಗೆಗೆ ಮೆತ್ತಗೆ. ಮಕ್ಕಳಿಗೆಂದು ಬೇರೆಯಾಗಿ ಅನ್ನ, ತಿಳಿಸಾರು ಮಾಡಿಟ್ಟಿದ್ದಳು. ಗಡಿಬಿಡಿಯಲ್ಲಿ ಆ ಎರಡು ಪಾತ್ರೆ ಮಾತ್ರ ಮನೆಯಲ್ಲೇ ಉಳಿದವು.

ಪೂಜೆ, ಚರಗ ಮುಗಿದು ಪಂಕ್ತಿ ಕೂರುವಾಗ ಮಧ್ಯಾಹ್ನ ಎರಡು ದಾಟಿತ್ತು. ಸುಮಾರು ಮೂವತ್ತು ಜನ. ಮಾಮಾನ ಅಣ್ಣತಮ್ಮಂದಿರು, ಪಕ್ಕದ ಹೊಲದವರು, ಆಳುಮಕ್ಕಳು ಎಲ್ಲರೂ ಒಂದೇ ಸಾಲಿನಲ್ಲಿ ಕೂತಿದ್ದರು.

ಮೊದಲ ಮಾತು ತಮಾಷೆಯದೇ. ದೊಡ್ಡಳಿಯ ರೊಟ್ಟಿ ಎತ್ತಿ ನೋಡಿ, ‘ಇದೇನ್ರೀ, ರೊಟ್ಟೀನಾ ಹಪ್ಪಳಾನಾ?’ ಎಂದರು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಆಮೇಲೆ ರೊಟ್ಟಿಯಿಂದ ತಾಟಿಗೆ ಕಟಕಟ ಬಡಿದು ‘ಒಂದು ಸುತ್ತಿಗೆ ಕೊಡಿ’ ಎಂದರು. ನಗು ಕಡಿಮೆಯಾಯಿತು. ಪುಂಡಿಪಲ್ಯ ನಾಲಿಗೆಗಿಟ್ಟು ಮುಖ ಕಿವುಚಿ ತಾಟಿನ ಅಂಚಿಗೆ ಸರಿಸಿ, ಪಕ್ಕದಲ್ಲಿದ್ದ ಮಗನಿಗೆ ‘ತಿನ್ಬೇಡ ಕಣೋ, ಹೊಟ್ಟೆ ಕೆಡುತ್ತೆ’ ಎಂದರು. ಅಕ್ಕ ಬಗ್ಗಿ, ‘ಖಾರ ಆತೇನ್ರಿ? ಮೊಸರು ಹಾಕ್ಲೇನು?’ ಎಂದು ಕೇಳಿದಳು. ಅದಕ್ಕೆ ಅವರು ಅಕ್ಕನಿಗೆ ಉತ್ತರ ಕೊಡದೆ ತಮ್ಮ ಹೆಂಡತಿಯ ಕಡೆ ತಿರುಗಿ, ಇಡೀ ಸಾಲಿಗೆ ಕೇಳುವಂತೆ, ‘ನಮ್ಮ ಕಡೆ ಜೋಳ ದನಕ್ಕೆ ಹಾಕ್ತೀವಿ. ಇಷ್ಟು ದೂರ ಕರೆಸಿ ಸೊಪ್ಪು ಸೊದೆ ಇಕ್ತಾ ಇದಾರೆ ನೋಡು’ ಎಂದರು.

ಯಾರೂ ಮಾತಾಡಲಿಲ್ಲ. ಬೀಗರು ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತ ಕೂತರು. ಸಣ್ಣಳಿಯ, ಅಂದರೆ ನಮ್ಮ ಹುಡುಗಿಯ ಗಂಡ, ಒಮ್ಮೆ ಭಾವನ ಮುಖ ನೋಡಿ ಸುಮ್ಮನಾದ. ಅಕ್ಕನ ಕೈಯಲ್ಲಿ ಎಣಗಾಯಿಯ ಬೋಗುಣಿ ಇತ್ತು. ‘ಸಾವಕಾಶ ಊಟ ಮಾಡ್ರಿ’ ಎಂದು ಹೇಳಿ ಮುಂದಿನವರಿಗೆ ಬಡಿಸುತ್ತ ಹೋದಳು. ಬಡಿಸುವುದನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ. ಸಾಲಿನ ಕೊನೆಯವರೆಗೂ ಹೋಗಿ ಗಾಡಿಯ ಹಿಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನು ನಾನು ನೋಡಿದೆ. ಅವಳು ಅಂದು ಊಟ ಮಾಡಲಿಲ್ಲ.

ಸಂಜೆ ಇನ್ನೊಂದು ಗೊತ್ತಾಯಿತು. ದೊಡ್ಡಳಿಯ ರೊಟ್ಟಿಯ ಫೋಟೋ ತೆಗೆದು, ನಗುವ ಚಿತ್ರ ಸೇರಿಸಿ, ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದರು. ಅದನ್ನು ಮೊದಲು ಕಂಡವಳು ನಮ್ಮ ಹುಡುಗಿ.

ನೋವು ಎಲ್ಲಿ ತಾಗಿತು

ಒಂದು ವಿಷಯ ಸ್ಪಷ್ಟವಾಗಬೇಕು. ಅದೇ ಪಂಕ್ತಿಯಲ್ಲಿ ದೊಡ್ಡಳಿಯನ ಚಿಕ್ಕ ಮಗಳು ಹಿಂಡಿ ನೆಕ್ಕಿ ‘ಅಯ್ಯೋ ಖಾರ’ ಎಂದು ಅತ್ತಳು. ಯಾರಿಗೂ ಬೇಜಾರಾಗಲಿಲ್ಲ. ಅಕ್ಕ ಓಡಿಹೋಗಿ ಮೊಸರಿಗೆ ಸಕ್ಕರೆ ಹಾಕಿ ಹೋಳಿಗೆಯ ಜೊತೆ ಕೊಟ್ಟಳು, ಮಗು ಉಂಡಿತು. ಬೀಗಿತಿ, ‘ನನ್ಗೆ ಹಲ್ಲು ನೋವು ಕಣವ್ವ, ಗಟ್ಟಿದು ಆಗಕ್ಕಿಲ್ಲ’ ಎಂದರು. ಅವರ ರೊಟ್ಟಿಗೆ ಮೊಸರು ಸುರಿದು ನೆನೆಸಿ ಕೊಟ್ಟೆವು. ಖಾರ ತಡೆಯದು, ಹುಳಿ ಆಗದು, ಅಭ್ಯಾಸವಿಲ್ಲ ಎಂದೆಲ್ಲ ಹೇಳುವುದು ಒರಟುತನವಲ್ಲ. ಅದು ತನ್ನ ನಾಲಿಗೆಯ ಮಾತು. ಬಡಿಸುವವರಿಗೆ ಅದು ಬೇಕು ಕೂಡ. ತಿಳಿಸಿದರೆ ಅಲ್ಲವೇ ಬೇರೆ ಏನಾದರೂ ಮಾಡಿಕೊಡಲಾಗುವುದು?

‘ದನಕ್ಕೆ ಹಾಕ್ತೀವಿ’ ಎಂಬುದು ಅಂಥ ಮಾತಲ್ಲ. ಅದು ಅಕ್ಕ ಬಡಿದ ರೊಟ್ಟಿಯನ್ನೂ ಅದನ್ನು ದಿನವೂ ಉಣ್ಣುವ ಇಡೀ ಸಾಲನ್ನೂ ಒಟ್ಟಿಗೆ ಕೆಳಗಿಳಿಸಿತು. ಚರಗದ ದಿನ, ಅದೇ ಜೋಳ ಹೊಡೆ ಹಾಯುತ್ತ ನಿಂತ ಹೊಲದಲ್ಲಿ, ಅದಕ್ಕೆ ಕೈಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಆಳುಮಕ್ಕಳು ಕೈ ತಡೆದು ಕೂತದ್ದು ನನಗೆ ಕಂಡಿತು. ಅಕ್ಕನಿಗಿಂತ ಅವರಿಗೆ ಹೆಚ್ಚು ಅವಮಾನವಾಗಿರಬೇಕು. ಅಕ್ಕನಾದರೂ ಬೀಗಿತಿ. ಆ ಆಳುಮಕ್ಕಳ ಬಳಿ ‘ತಪ್ಪಾಯಿತು’ ಎಂದು ಯಾರು ಹೋಗುತ್ತಾರೆ?

ಜೋಳದ ಬಗ್ಗೆ ಗೊತ್ತಿಲ್ಲದೆ ಆಡಿದ ಮಾತು ಎಂದು ಕೆಲವರು ಸಮಾಧಾನ ಹೇಳಿದರು. ಗೊತ್ತಿರಲಿಲ್ಲ ಎಂಬುದು ನಿಜವೇ. ಹಳೇ ಮೈಸೂರಿನ ಕಡೆ ಜೋಳವನ್ನು ಬಹುಮಟ್ಟಿಗೆ ಮೇವಿಗೆಂದೇ ಬಿತ್ತುತ್ತಾರೆ. ಇಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದರೆ ಮುಂದೆ ಮಳೆ ಬಾರದಿದ್ದರೂ ಎರೆಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಅದು ತೆನೆಗಟ್ಟುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಜನ, ದನ ಎರಡನ್ನೂ ಸಾಕಿದ್ದು ಈ ಬೆಳೆ. ಕಾಳು ನಮಗೆ, ಕಣಿಕೆ ದನಕ್ಕೆ. ‘ಡೋಣಿ ಬೆಳೆದರ ಓಣೆಲ್ಲ ಕಾಳು’ ಎಂದು ಹಿರಿಯರು ಹೇಳುವುದು ಈ ಮಣ್ಣನ್ನು ನಂಬಿಯೇ. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ್ದು ರಾಗಿ, ಸಜ್ಜೆ, ಜೋಳ ಎಲ್ಲವನ್ನೂ ಸೇರಿಸಿಯೇ. ಬೆಂಗಳೂರಿನ ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಇದೇ ರೊಟ್ಟಿಗೆ ಜನ ದುಡ್ಡು ಕೊಟ್ಟು ಕಾಯುತ್ತಾರೆ. ಆದರೆ ಇವೆಲ್ಲ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಮದ್ದೂರಿನಲ್ಲಿ ಮಾಮಾಗೂ ಮುದ್ದೆಯ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಕೇಳುತ್ತಾನೆ, ಇಲ್ಲವೇ ಸುಮ್ಮನಿರುತ್ತಾನೆ.

ದೊಡ್ಡಳಿಯ ಯಾಕೆ ಹಾಗೆ ಆಡಿದರು

ಅವರು ಕೆಟ್ಟವರಲ್ಲ. ಬೀಗರ ಆಸ್ಪತ್ರೆ ಖರ್ಚು ನೋಡಿಕೊಂಡವರು, ಕರೆದಲ್ಲಿ ಬರುವವರು ಎಂದು ನಮ್ಮ ಹುಡುಗಿಯೇ ಹೇಳುತ್ತಾಳೆ. ರಾತ್ರಿಯೆಲ್ಲ ರೈಲು, ಮಕ್ಕಳಿಗೆ ಹಸಿವು, ಊಟ ತಡ, ಎದುರಿಗೆ ಗುರುತಿರುವ ಪದಾರ್ಥ ಒಂದೂ ಇಲ್ಲ. ಅನ್ನ ಮನೆಯಲ್ಲಿ ಉಳಿದದ್ದು ನಮ್ಮ ಕಡೆಯ ಲೋಪವೇ. ಕಡಕ್ ರೊಟ್ಟಿಯನ್ನು ಪಲ್ಯದಲ್ಲೋ ಮೊಸರಿನಲ್ಲೋ ನೆನೆಸಿಕೊಂಡು ಉಣ್ಣಬೇಕೆಂದು, ಬೀಗರು ಮಾಮಾಗೆ ಮುದ್ದೆ ಕಲಿಸಿದ ಹಾಗೆ, ಪಕ್ಕದಲ್ಲಿ ಕೂತು ಹೇಳಿಕೊಡುವವರನ್ನು ನಾವು ಬಿಡಬೇಕಿತ್ತು.

ಆದರೆ ಇದಕ್ಕಿಂತ ಆಳದ ಕಾರಣ ಒಂದಿದೆ. ಮದ್ದೂರಿನ ಮನೆಯಲ್ಲಿ ಇಷ್ಟು ವರ್ಷ ಉಪಚಾರವೆಲ್ಲ ಅವರಿಗೇ ನಡೆಯುತ್ತಿತ್ತು. ಅತ್ತೆ ಮಾವ ನಿಂತು ಬಡಿಸುತ್ತಿದ್ದದ್ದು ಅವರಿಗೆ. ಉಪ್ಪು ಹೆಚ್ಚಾಯಿತು, ಸಾರು ತೆಳ್ಳಗಾಯಿತು ಎಂದು ಹೇಳುವುದು ಅಳಿಯನ ಹಕ್ಕು ಎಂದೇ ಅಲ್ಲಿ ನಡೆದು ಬಂದಿದೆ. ನಮ್ಮ ಮನೆಗಳಲ್ಲಿಯೂ ಅಷ್ಟೇ. ಅಡುಗೆಯಲ್ಲಿ ಕೊಂಕು ತೆಗೆದಷ್ಟೂ ಅಳಿಯನ ತೂಕ ಹೆಚ್ಚು, ಗಂಡಿನ ಕಡೆಯವರು ಎರಡು ಮಾತು ಆಡದಿದ್ದರೆ ಮದುವೆಯೇ ಸಪ್ಪೆ ಎಂಬಂತೆ ಮಾತಾಡುವ ಹಿರಿಯರಿದ್ದಾರೆ. ಮಾಮಾನ ತಾಯಿ ಅಂದು ರಾತ್ರಿ ಅಕ್ಕನಿಗೆ ಹೇಳಿದ್ದೂ ಅದನ್ನೇ: ‘ಗಂಡಿನವರು ಅಂದ ಮ್ಯಾಲ ಒಂದೆರಡು ಮಾತು ಬಂದ ಬರ್ತಾವ, ನುಂಗ್ಕೋಬೇಕು.’ ಅಜ್ಜಿಯ ಮೇಲೆ ನನಗೆ ಬಹಳ ಗೌರವ. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಅಜ್ಜಿ ನುಂಗಿದರು, ಅಕ್ಕ ನುಂಗಿದಳು. ನಮ್ಮ ಹುಡುಗಿಯೂ ನುಂಗುತ್ತ ಹೋಗಬೇಕೇ?

ಯಾರು ಮಾತಾಡಬೇಕಿತ್ತು

ಅಕ್ಕ, ಮಾಮಾ ಮಾತಾಡುವ ಹಾಗಿರಲಿಲ್ಲ. ಬೀಗರು ಮಾತಾಡಬಹುದಿತ್ತು. ಆದರೆ ತಮ್ಮ ಅಳಿಯನನ್ನು ನಾಲ್ಕು ಜನರೆದುರು ತಿದ್ದಿದರೆ ಮಗಳ ಸಂಸಾರಕ್ಕೆ ಬಿಸಿ ತಟ್ಟುತ್ತದೆ ಎಂಬ ಅಂಜಿಕೆ ಅವರಿಗೆ. ದೊಡ್ಡಳಿಯನ ಹೆಂಡತಿಗೆ ಗಂಡನ ಭಯ. ಉಳಿದವನು ಸಣ್ಣಳಿಯ. ಅವನೊಬ್ಬನಿಗೇ ಎರಡೂ ಕಡೆಯ ಸಲಿಗೆ ಇತ್ತು. ಭಾವ ಹಿರಿಯನಾದರೂ ‘ಭಾವಾ, ಹಂಗನ್ಬೇಡಿ, ನನಗೆ ಈ ರೊಟ್ಟಿ ಅಂದ್ರೆ ಇಷ್ಟ, ಹಿಂಗೆ ನೆನೆಸ್ಕೊಂಡು ತಿನ್ನಿ’ ಎನ್ನಬಹುದಿತ್ತು. ಜಗಳವೂ ಆಗುತ್ತಿರಲಿಲ್ಲ, ಮಾತೂ ಅಲ್ಲಿಗೇ ಬೀಳುತ್ತಿತ್ತು. ನಿಜಕ್ಕೂ ಅವನಿಗೆ ರೊಟ್ಟಿ ಇಷ್ಟ. ಬೆಂಗಳೂರಿನಲ್ಲಿ ಅಕ್ಕ ಕಳಿಸುವ ರೊಟ್ಟಿ ಡಬ್ಬಿ ಮೊದಲು ಖಾಲಿ ಮಾಡುವವನು ಅವನೇ.

ಅವನು ಆ ರಾತ್ರಿ ಅಡುಗೆಮನೆಗೆ ಬಂದು ‘ಅತ್ತೆ, ಭಾವನ ಮಾತು ಮನಸ್ಸಿಗೆ ಹಚ್ಕೋಬೇಡಿ’ ಎಂದ. ಸ್ಟೇಟಸ್ ಅಳಿಸಲು ಭಾವನಿಗೆ ಹೇಳಿದ್ದೂ ಅವನೇ. ಬೀಗಿತಿ ಬೆಳಗ್ಗೆ ಹೊರಡುವಾಗ ಅಕ್ಕನ ಕೈಹಿಡಿದು ಕಣ್ಣೀರಿಟ್ಟರು. ಎರಡೂ ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅವಮಾನ ಆದದ್ದು ಮೂವತ್ತು ಜನರ ಎದುರು, ಕ್ಷಮೆ ಬಂದದ್ದು ಬಾಗಿಲ ಹಿಂದೆ. ಆ ಮೂವತ್ತು ಜನಕ್ಕೆ ಗೊತ್ತಿರುವುದು ಮೊದಲನೆಯದು ಮಾತ್ರ. ಪಕ್ಕದ ಹೊಲದವರು ಈಗಲೂ ಅಕ್ಕನನ್ನು ‘ಏನವಾ, ನಿಮ್ಮ ಬೀಗರು ರೊಟ್ಟಿ ತಿಂದ್ರೇನು?’ ಎಂದು ಕೇಳುತ್ತಾರೆ. ಪಂಕ್ತಿಯಲ್ಲಿ ಆಡಿದ ಮಾತಿಗೆ ಪಂಕ್ತಿಯಲ್ಲೇ ಉತ್ತರ ಬರಬೇಕು, ಅದೂ ಆಡಿದವರ ಕಡೆಯಿಂದಲೇ ಬರಬೇಕು ಎಂದು ನಾನು ಹೇಳುವುದು ಇದಕ್ಕೇ. ಕರೆತಂದವನ ಮೇಲೆ ಆ ಹೊಣೆ ಇದೆ.

ಮುಂದೆ ನಡೆದದ್ದು

ಹೊರಗೆ ಯಾರೂ ಏನೂ ಅನ್ನಲಿಲ್ಲ, ಫೋನು ಮಾತುಕತೆ ಎಂದಿನಂತೆ ನಡೆಯಿತು. ಅಕ್ಕ ಮಾತ್ರ ಬದಲಾದಳು. ಬೆಂಗಳೂರಿಗೆ ರೊಟ್ಟಿ ಕಳಿಸುವುದು ಕಡಿಮೆ ಮಾಡಿದಳು, ‘ಅವರ ಮಂದಿ ಯಾರರ ಬಂದಿರ್ತಾರ’ ಎಂದು. ಮುಂದೆ ಹುಡುಗಿ ಬಸುರಾದಳು. ಕುಬಸದ, ಅಂದರೆ ಬಸುರಿಗೆ ತವರಿನವರು ಮಾಡುವ, ಕಾರ್ಯವನ್ನು ಮದ್ದೂರಿನಲ್ಲೇ ಸೀಮಂತದ ಜೊತೆ ಮಾಡುವುದೆಂದು ಗೊತ್ತಾಯಿತು. ನಮ್ಮ ಕಡೆ ತವರಿನವರು ಕುಬಸಕ್ಕೆ ಬುತ್ತಿ ಒಯ್ಯಬೇಕು. ಬುತ್ತಿ ಅಂದರೆ ರೊಟ್ಟಿ, ಹಿಂಡಿ, ಹೋಳಿಗೆ. ಅಕ್ಕ ‘ರೊಟ್ಟಿ ಒಯ್ಯೂದು ಬ್ಯಾಡ, ಬರೇ ಹೋಳಿಗಿ, ಕರ್ಚಿಕಾಯಿ ಸಾಕು’ ಎಂದಳು. ಕುಬಸದ ಬುತ್ತಿಯಲ್ಲಿ ರೊಟ್ಟಿ ಇಲ್ಲ ಎಂದರೆ ಏನು ಎಂಬುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಗೊತ್ತು. ಆ ಮಾತು ಕೇಳಿ ಹುಡುಗಿ ಫೋನಿನಲ್ಲೇ ಅತ್ತಳು. ಅವಳು ಗಂಡನಿಗೆ ಹೇಳಿದಳು. ಅವನು, ಈ ಸಲ ಸುಮ್ಮನಿರದೆ, ತನ್ನ ತಂದೆಗೆ ಹೇಳಿದ.

ಬೀಗರು ತಾವೇ ಮಾಮಾಗೆ ಫೋನು ಮಾಡಿದರು. ‘ರೊಟ್ಟಿ ಬುತ್ತಿ ತಪ್ಪಿಸ್ಬ್ಯಾಡಿ, ನಮ್ಮೋರ್ಗೆಲ್ಲ ಆಗೋವಷ್ಟು ತನ್ನಿ’ ಎಂದರು.

ಮದ್ದೂರಿನಲ್ಲಿ ಮೊದಲ ಪಂಕ್ತಿ ಕೂತಾಗ ಬೀಗರು ನಡುವೆ ನಿಂತು ರೊಟ್ಟಿಯ ಬುಟ್ಟಿಯನ್ನು ತಾವೇ ಎತ್ತಿಕೊಂಡರು. ಸಾಲಿನಲ್ಲಿ ಅವರ ಅಣ್ಣತಮ್ಮಂದಿರು, ಊರಿನವರು, ದೊಡ್ಡಳಿಯ ಎಲ್ಲರೂ ಇದ್ದರು. ‘ನಮ್ ಬೀಗರ ಹೊಲ್ದಾಗೆ ಉಂಡ್ಬುಟ್ಟು ನಾವೇ ಅವ್ರನ್ನ ಆಡ್ಕಂಡ್ವಿ. ಅವತ್ತೇ ನಾನು ಬಾಯ್ಬುಡ್ಬೇಕಿತ್ತು, ಬುಡ್ಲಿಲ್ಲ. ತಪ್ಪಾಯ್ತು ಕಣವ್ವ’ ಎಂದು ಅಕ್ಕನ ಕಡೆ ನೋಡಿ ಹೇಳಿದರು. ಆಮೇಲೆ ತಮ್ಮ ಹೊಲದ ಮಾತಿಗೆ ಇಳಿದರು. ಹಿಂದೆ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ಎಂಬ ಹೊಸ ರಾಗಿ ತಳಿ ತಂದದ್ದು, ಅದಕ್ಕೂ ಮುಂಚೆ ಪೇಟೆಯ ಅನ್ನದವರು ಮುದ್ದೆ ಉಣ್ಣುವವರನ್ನು ಕೀಳಾಗಿ ಕಾಣುತ್ತಿದ್ದದ್ದು, ತಮ್ಮ ತಂದೆ ಮೈಸೂರಿನ ಒಂದು ಮದುವೆಯಲ್ಲಿ ಅಂಥ ಮಾತು ಕೇಳಿ ಅರ್ಧ ಊಟಕ್ಕೆ ಎದ್ದು ಬಂದದ್ದು. ಸಾಲಿನ ಹಿರಿಯರು ಹೂಂಗುಟ್ಟಿದರು. ಸಣ್ಣಳಿಯ ಒಬ್ಬೊಬ್ಬರ ಪಕ್ಕ ಬಗ್ಗಿ, ರೊಟ್ಟಿಯನ್ನು ಎಣಗಾಯಿಯ ರಸದಲ್ಲಿ ಹೇಗೆ ನೆನೆಸಬೇಕೆಂದು ತೋರಿಸುತ್ತ ಹೋದ.

ದೊಡ್ಡಳಿಯ ಅಂದು ಏನೂ ಹೇಳಲಿಲ್ಲ. ತಾಟಿನಲ್ಲಿ ಹಾಕಿದ ರೊಟ್ಟಿ ಬಿಡದೆ ಉಂಡರು. ಅವರ ಬಾಯಿಂದ ಮಾತು ಬಂದಿಲ್ಲವೆಂಬ ಕೊರತೆ ಮಾಮಾಗೆ ಇನ್ನೂ ಇದೆ. ಅಕ್ಕನಿಗೆ ಇಲ್ಲ. ‘ಅವರ ಮಾವ ಎಲ್ಲರ ಮುಂದ ಅಂದ್ರಲ್ಲ, ಸಾಕು’ ಎನ್ನುತ್ತಾಳೆ. ಆಳುಮಕ್ಕಳಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಊರಿಗೆ ಮರಳಿದ ಮೇಲೆ ಅಕ್ಕ ಅವರ ಮನೆಗೆ ಹೋಗಿ, ಮದ್ದೂರಿನಲ್ಲಿ ಬೀಗರು ಆಡಿದ ಮಾತನ್ನು ಒಂದೂ ಬಿಡದೆ ಹೇಳಿಬಂದಳು.